ಹಳೇ ಕಾಲದ ಹೂಗಿಡಗಳು ಸಣ್ಣ ಅಂಗಳದಲ್ಲಿ ಆಗುತ್ತವಾ? ಎಲ್ಲಿ ಸಿಗುತ್ತವೆ?

ಹಿತ್ತಲಬಾಗಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮ ಮನೆ, 30×40ರ ಸೈಟು. ಮುಂದೆ ಸ್ವಲ್ಪ ಅಂಗಳ, ಪಕ್ಕದಲ್ಲಿ ಕಾಂಪೌಂಡಿಗೆ ಅಂಟಿಕೊಂಡ ಒಂದು ಪಟ್ಟಿ ಜಾಗ, ಮಣ್ಣು ಅಂತ ಇರುವುದು ಅಷ್ಟೇ. ಅಂಗಳಕ್ಕೆ ಮಧ್ಯಾಹ್ನದವರೆಗೆ ಒಳ್ಳೆ ಬಿಸಿಲು. ಪಟ್ಟಿ ಜಾಗಕ್ಕೆ ಬೆಳಗ್ಗೆ ಎರಡು ಮೂರು ಗಂಟೆ ಮಾತ್ರ. ನೀರು ಬೋರ್‌ವೆಲ್‌ದು, ಬಕೆಟ್ಟಿನಲ್ಲಿ ಬಿಳಿ ಪದರ ಕಟ್ಟುವಂಥ ಗಡಸು ನೀರು.

ಈ ಮಳೆಗಾಲ ಶುರುವಾಗುವುದರೊಳಗೆ ಹಳೇ ಕಾಲದ ಹೂವುಗಳನ್ನೇ ಹಾಕಬೇಕು ಅಂತ ಆಸೆ. ಪನ್ನೀರು ರೋಜಾ, ಕನಕಾಂಬರ, ದುಂಡುಮಲ್ಲಿಗೆ, ನಂದಿಬಟ್ಟಲು, ಪಾರಿಜಾತ, ಸಂಜೆಮಲ್ಲಿಗೆ, ಕರ್ಣಕುಂಡಲ, ಆಗುವುದಾದರೆ ಡೇರೆ (ಡೇಲಿಯಾ), ದವನ, ಕೇದಗೆ, ಸಂಪಿಗೆ ಕೂಡ. ಪಟ್ಟಿ ಉದ್ದ ಆಯಿತು, ಗೊತ್ತು. ನರ್ಸರಿಗೆ ಹೋದರೆ ಇವುಗಳಲ್ಲಿ ಅರ್ಧ ಕಣ್ಣಿಗೇ ಬೀಳುವುದಿಲ್ಲ. ಪೆಟೂನಿಯಾ, ಅಡೇನಿಯಂ, ಬೋಗನ್‌ವಿಲ್ಲಾ ತೋರಿಸುತ್ತಾರೆ. ಪನ್ನೀರು ರೋಜಾ ಕೇಳಿದರೆ ಡಚ್ ರೋಸ್ ಕೈಗಿಡುತ್ತಾರೆ, ಹೂ ನೋಡೋಕೆ ಚೆಂದ, ಮೂಗಿಗೆ ಹಿಡಿದರೆ ಏನೂ ಇಲ್ಲ.

ಈಗಿರುವ ಗಿಡಗಳ ಗೋಳನ್ನೂ ಹೇಳಿಬಿಡುತ್ತೇನೆ. ಕನಕಾಂಬರ ಒಂದು ವರ್ಷ ಚೆನ್ನಾಗಿ ಬಿಟ್ಟು ಆಮೇಲೆ ಎಲೆ ಹಳದಿಯಾಗಿ ಸೊರಗಿ ಸಾಯುತ್ತದೆ, ಅದೇ ಜಾಗದಲ್ಲಿ ಮತ್ತೆ ಹಾಕಿದರೂ ಅದೇ ಕಥೆ. ಮಲ್ಲಿಗೆಯ ಎಳೆ ಎಲೆಗಳು ಹಳದಿ, ನರ ಮಾತ್ರ ಹಸಿರು. ಇನ್ನು ಕೆಂಪು ಗುಲಾಬಿ ಅಂತ ತಂದ ಗಿಡ ಈಗ ಉದ್ದುದ್ದ ಬಳ್ಳಿ ಬಿಟ್ಟು ಬಿಳೀ ಸಣ್ಣ ಹೂವಿನ ಗೊಂಚಲು ಕೊಡುತ್ತಿದೆ. ಇದೇನು ಮಾಯೆ ಅಂತ ಯಾರಾದರೂ ಹೇಳಿ. ಬೆಳೆಸಿದವರು ದಯವಿಟ್ಟು ಬರೆಯಿರಿ.


ಸಾಗರದ ಡೇರೆ ಬರೆದದ್ದು:

ಡೇರೆ ಅಂದಮೇಲೆ ನಾವು ಸುಮ್ಮನೆ ಕೂರುವುದು ಹೇಗೆ! ಸಾಗರ, ಶಿರಸಿ, ಸಿದ್ದಾಪುರ, ತೀರ್ಥಹಳ್ಳಿ ಕಡೆ ಮಳೆಗಾಲ ಅಂದರೆ ಡೇರೆ ಕಾಲ. ನೆಂಟರ ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಅವರ ಅಂಗಳದಲ್ಲಿ ಯಾವ ಬಣ್ಣ ಇದೆ ಅಂತ ಕಣ್ಣು ಹೋಗುತ್ತದೆ. ನಮ್ಮಲ್ಲಿ ಇಲ್ಲದ ಬಣ್ಣ ಕಂಡರೆ ಹೊರಡುವಾಗ ಒಂದು ಗೆಲ್ಲು ಕೊಟ್ಟೆಯಲ್ಲಿ ಸುತ್ತಿಸಿಕೊಂಡೇ ಬರುವುದು. ನರ್ಸರಿಯಲ್ಲಿ ಸಿಗುವುದಿಲ್ಲ ಅಂತ ಹೇಳಿದಿರಲ್ಲ, ನಮ್ಮಲ್ಲಿ ಯಾರೂ ಡೇರೆಯನ್ನು ನರ್ಸರಿಯಿಂದ ತಂದವರೇ ಅಲ್ಲ. ಕೇಳಿ ತರುವುದು, ಕೊಟ್ಟು ಕಳಿಸುವುದು. ಹಾಗಾಗಿಯೇ ಅವು ಉಳಿದಿವೆ. ನಮ್ಮ ಮನೆಯಲ್ಲಿ ಒಂದು ಬಣ್ಣ ಕೊಳೆತು ಹೋದರೂ ಯಾರ ಮನೆಯಲ್ಲಿ ಅದೇ ಬಣ್ಣ ಇದೆ ಅಂತ ಗೊತ್ತಿರುತ್ತದೆ.

ತುಮಕೂರಿನಲ್ಲಿ ಖಂಡಿತ ಆಗುತ್ತದೆ. ನಮಗೆ ಮಳೆ ಜಾಸ್ತಿಯಾಗಿ ಗೆಡ್ಡೆ ಕೊಳೆಯುವ ಭಯ, ನಿಮಗೆ ಅದು ಕಡಿಮೆ. ಮಧ್ಯಾಹ್ನದ ನಂತರ ನೆರಳು ಬರುವ ಅಂಗಳ ಡೇರೆಗೆ ಒಳ್ಳೆಯದೇ.

ಗೆಡ್ಡೆ ತೆಗೆದುಕೊಳ್ಳುವಾಗ ಕತ್ತು ನೋಡಿ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು ಇರುತ್ತದೆ, ಡೇರೆಗೆ ಹಾಗಲ್ಲ. ಹಳೇ ಕಾಂಡಕ್ಕೆ ಅಂಟಿಕೊಂಡ ಜಾಗದಲ್ಲಿ ಮಾತ್ರ ಕಣ್ಣು. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಚಿಗುರುವುದಿಲ್ಲ, ಮಣ್ಣಲ್ಲಿ ಕೊಳೆಯುತ್ತದೆ ಅಷ್ಟೇ. ಗೊಂಚಲನ್ನು ಬೇರೆ ಮಾಡುವಾಗ ಪ್ರತಿ ಗೆಡ್ಡೆಗೂ ಹಳೇ ಕಾಂಡದ ಒಂದು ಚೂರು ಬರುವ ಹಾಗೆ ಚಾಕುವಿನಲ್ಲಿ ಸೀಳಬೇಕು. ಕೊಯ್ದ ಜಾಗಕ್ಕೆ ಒಲೆಯ ಬೂದಿ ಸವರಿ ಒಂದು ದಿನ ನೆರಳಲ್ಲಿ ಬಿಡಿ.

ಮೇ ಕೊನೆ ಅಥವಾ ಜೂನ್ ಮೊದಲ ಮಳೆಗೆ ನೆಡಿ. ಮಣ್ಣು ಏರಿಸಿ ಮಡಿ ಮಾಡಿ, ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲೆ ಬರಲಿ, ಮೂರು ನಾಲ್ಕು ಇಂಚು ಮಣ್ಣು ಸಾಕು. ಊರುಗೋಲನ್ನು ನೆಡುವ ದಿನವೇ ಹುಗಿದುಬಿಡಿ, ಗಿಡ ಎದ್ದ ಮೇಲೆ ಹುಗಿಯಲು ಹೋದರೆ ಕೋಲು ನೇರ ಗೆಡ್ಡೆಗೇ ಚುಚ್ಚುತ್ತದೆ. ಚಿಗುರು ಬರುವವರೆಗೆ ನೀರು ಹಾಕಲೇಬೇಡಿ. ನಾಲ್ಕೈದು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿ. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ, ಇಲ್ಲದಿದ್ದರೆ ಒಂದೇ ಕೋಲು ಮೇಲಕ್ಕೆ ಹೋಗಿ ಮೊದಲ ಗಾಳಿಗೇ ಬೀಳುತ್ತದೆ. ಚಿವುಟಿದ ತುದಿಯನ್ನು ಎಸೆಯಬೇಡಿ, ಒದ್ದೆ ಮರಳಲ್ಲಿ ಊರಿದರೆ ಮಳೆಗಾಲದಲ್ಲಿ ಸುಲಭವಾಗಿ ಬೇರು ಬಿಡುತ್ತದೆ. ನಿಮ್ಮ ಅಕ್ಕಪಕ್ಕದವರಿಗೆ ಕೊಡಲು ಅದೇ ಗಿಡ.

ಇನ್ನೊಂದು ವಿಷಯ ಬಹಳ ಜನ ಹೇಳುವುದಿಲ್ಲ. ಡೇರೆಯ ಕಾಂಡ ಟೊಳ್ಳು. ದಪ್ಪ ಗೆಲ್ಲನ್ನು ಕೊಯ್ದು ಹಾಗೇ ಬಿಟ್ಟರೆ ಮಳೆ ನೀರು ಆ ಕೊಳವೆಯೊಳಗೆ ತುಂಬಿ ನಿಲ್ಲುತ್ತದೆ, ಅಲ್ಲಿಂದ ಕೊಳೆ ಕೆಳಗಿಳಿದು ಗೆಡ್ಡೆಗೆ ತಲುಪುತ್ತದೆ. ನಾವು ಕೊಯ್ದ ಬಾಯಿಗೆ ಸಗಣಿಯಲ್ಲಿ ಕಲಸಿದ ಮಣ್ಣನ್ನು ಮೆತ್ತುತ್ತೇವೆ. ಹೂವು ಮುಗಿದು ಗಿಡ ಒಣಗಿದ ಮೇಲೆ ಕಾಂಡ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಗೆಡ್ಡೆ ಅಗೆದು, ಒಣ ಮರಳಿನಲ್ಲಿಟ್ಟು, ನೆರಳಿನ ಮೂಲೆಗೆ ತಳ್ಳಿದರೆ ಮುಂದಿನ ಮೇವರೆಗೆ ಅದರ ತಂಟೆ ಇಲ್ಲ. ಹುಟ್ಟಿದ ಎಳೆ ಚಿಗುರನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಬೋಳಿಸುತ್ತದೆ, ಟಾರ್ಚು ಹಿಡಿದು ಹೋಗಿ ಹೆಕ್ಕುವುದೊಂದೇ ದಾರಿ.


ಬೇರುಬಿಳಲು ಬರೆದದ್ದು:

ತೋಟಗಾರಿಕೆ ಓದಿದವನು, ಈಗ ಬೇರೆ ಕೆಲಸ, ಚಪಲ ಮಾತ್ರ ಹಾಗೇ ಇದೆ. ನಿಮ್ಮ ಮೂರು ಗೋಳಿಗೂ ಕಾರಣ ಬೇರೆ ಬೇರೆ.

ಕನಕಾಂಬರದಿಂದ ಶುರು ಮಾಡೋಣ. ಮುಂದಿನ ಸಲ ಗಿಡ ಸೊರಗಿದಾಗ ಕಿತ್ತು ಬೇರು ತೊಳೆದು ನೋಡಿ. ಸಾಸಿವೆಯಷ್ಟು, ಅದಕ್ಕಿಂತ ದೊಡ್ಡ ಗಂಟುಗಳು ಸಾಲಾಗಿ ಕಂಡರೆ ಅದು ಬೇರುಗಂಟು ಹುಳು, ಅಂದರೆ ನೆಮಟೋಡ್. ಕಣ್ಣಿಗೆ ಕಾಣದ ಹುಳು. ಅದು ಬೇರನ್ನು ಕೊರೆದ ಜಾಗದಿಂದ ಸೊರಗು ರೋಗದ ಶಿಲೀಂಧ್ರವೂ ಒಳಗೆ ನುಗ್ಗುತ್ತದೆ. ಕನಕಾಂಬರಕ್ಕೆ ಇದು ಹುಟ್ಟಾ ಶತ್ರು. ಅದೇ ಗುಂಡಿಗೆ ಮತ್ತೆ ಕನಕಾಂಬರವನ್ನೇ ಹಾಕಿದರೆ ಹುಳುವಿಗೆ ಊಟ ಬಡಿಸಿದ ಹಾಗೆ. ಆ ಜಾಗದಲ್ಲಿ ಎರಡು ಮೂರು ತಿಂಗಳು ಒತ್ತಾಗಿ ಚೆಂಡುಹೂ ಬೆಳೆಸಿ. ಚೆಂಡುಹೂವಿನ ಬೇರು ಈ ಹುಳುಗಳನ್ನು ಕಡಿಮೆ ಮಾಡುತ್ತದೆ. ಆಮೇಲೆ ಗಿಡಗಳನ್ನು ಅಲ್ಲೇ ಕತ್ತರಿಸಿ ಮಣ್ಣಿಗೆ ಸೇರಿಸಿ, ಗುಂಡಿಗೆ ಬೇವಿನ ಹಿಂಡಿ ಹಾಕಿ, ಆಗ ಕನಕಾಂಬರ. ಪುರುಸೊತ್ತಿಲ್ಲ ಅಂದರೆ ಹೊಸ ಮಣ್ಣು ತುಂಬಿದ ಕುಂಡದಲ್ಲಿ ಬೆಳೆಸಿ. ಅರೆನೆರಳು ನಡೆಯುತ್ತದೆ, ಅಂದರೆ ನಿಮ್ಮ ಪಟ್ಟಿ ಜಾಗ ಇದಕ್ಕೇ.

ಯಾವ ಕನಕಾಂಬರ ಅನ್ನುವುದೂ ಮುಖ್ಯ. ಡೆಲ್ಲಿ ಕನಕಾಂಬರ ಅಂತ ಮಾರುವ ದಟ್ಟ ಬಣ್ಣದ್ದು ಬೀಜ ಕಟ್ಟುವುದಿಲ್ಲ. ಅದು ತ್ರಿಗುಣಿತ ತಳಿ, ಅಂದರೆ ಎರಡರ ಬದಲು ಮೂರು ಕಟ್ಟು ವರ್ಣತಂತು ಇರುವಂಥದ್ದು, ಕಡ್ಡಿಯಿಂದ ಮಾತ್ರ ಹೊಸ ಗಿಡ. ಹಳೇ ನಾಟಿ ಕೇಸರಿ ಬಣ್ಣದ್ದು ಬೀಜ ಕಟ್ಟುತ್ತದೆ. ಒಣಗಿದ ತೆನೆಯನ್ನು ನೀರಿಗೆ ಹಾಕಿ ನೋಡಿ, ಸ್ವಲ್ಪ ಹೊತ್ತಿಗೆ ಚಿಟ್ ಚಿಟ್ ಅಂತ ಕಾಯಿ ಒಡೆದು ಬೀಜ ಹಾರುತ್ತದೆ. ಮಳೆ ಬಂದಾಗ ಮಣ್ಣಿಗೆ ಬೀಳಲಿ ಅಂತ ಗಿಡವೇ ಮಾಡಿಕೊಂಡ ಉಪಾಯ. ನಿಮಗೆ ಬೀಜ ಬೇಕಿದ್ದರೆ ಮಳೆಗೆ ಮುಂಚೆ ತೆನೆಗೆ ತೆಳು ಬಟ್ಟೆ ಕಟ್ಟಿ. ಅಂದ ಹಾಗೆ ಹಳೇ ಹೂವಿಗೆಲ್ಲ ಪರಿಮಳ ಇರುತ್ತದೆ ಅಂತ ತಿಳಿಯಬೇಡಿ, ಕನಕಾಂಬರಕ್ಕೆ ಒಂದಿಷ್ಟೂ ಇಲ್ಲ. ಬಾಡದೆ ನಿಲ್ಲುವುದು ಅದರ ಗುಣ. ಅದಕ್ಕೇ ಅದರ ಜೊತೆಗೆ ಮರುಗವನ್ನೋ ಮಲ್ಲಿಗೆಯನ್ನೋ ಸೇರಿಸಿ ಕಟ್ಟುವುದು.

ಮಲ್ಲಿಗೆಯದ್ದು ಕಬ್ಬಿಣದ ಕೊರತೆ. ಎಳೆ ಎಲೆ ಹಳದಿ, ನರ ಹಸಿರು ಅಂದರೆ ಬಹುಮಟ್ಟಿಗೆ ಅದೇ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ನಿಮ್ಮ ಗಡಸು ನೀರಿನ ಸುಣ್ಣದಿಂದ ಗಿಡಕ್ಕೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿ. ಹಸಿರು ತಿರುಗುವವರೆಗೆ ಎರಡು ವಾರಕ್ಕೊಮ್ಮೆ. ಮಳೆ ನೀರು ಹಿಡಿದಿಟ್ಟು ಹಾಕಿದರೆ ಇನ್ನೂ ಒಳ್ಳೆಯದು.

ಗುಲಾಬಿಯದ್ದು ಮಾಯೆ ಏನಿಲ್ಲ. ನರ್ಸರಿಯ ಗಿಡ ಕಣ್ಣು ಕಸಿ ಮಾಡಿದ್ದು. ಕೆಳಗಿನ ಬೇರಿನ ಭಾಗ ಕಾಡು ಗುಲಾಬಿಯದ್ದು, ಮೇಲಿನದ್ದು ಕೆಂಪು ತಳಿ. ಕಸಿ ಗಂಟಿನ ಕೆಳಗಿಂದ ಬಂದ ಚಿಗುರನ್ನು ಯಾರೂ ಕೀಳದಿದ್ದರೆ ಅದೇ ಗೆದ್ದು, ಮೇಲಿನ ತಳಿ ಸಾಯುತ್ತದೆ. ನಿಮ್ಮ ಕೆಂಪು ಗುಲಾಬಿ ಹೋಯಿತು, ಈಗ ಇರುವುದು ಅದರ ಬೇರಿನ ಗಿಡ. ಹಳೇ ಗುಲಾಬಿಗಳಲ್ಲಿ ಈ ತಂಟೆ ಇಲ್ಲ, ಅವು ಕಡ್ಡಿಯಿಂದ ಬಂದು ಸ್ವಂತ ಬೇರಿನ ಮೇಲೆ ನಿಲ್ಲುತ್ತವೆ, ಎಲ್ಲಿಂದ ಚಿಗುರಿದರೂ ಅದೇ ಹೂವು.

ಪನ್ನೀರು ರೋಜಾ ಅಂತ ನಮ್ಮ ಕಡೆ ಹಿತ್ತಲಲ್ಲಿರುವುದು ಹೆಚ್ಚಾಗಿ ಎಡ್ವರ್ಡ್ ರೋಸ್. ಹೂಮಾರುವವರ ಬಳಿ ಆ ಹೆಸರು ಕೇಳಿ, ತಕ್ಷಣ ಗೊತ್ತಾಗುತ್ತದೆ. ಅದರ ಹುಟ್ಟು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಆಗ ಆ ದ್ವೀಪದ ಹೆಸರು ಬೂರ್ಬೊನ್. ಅಲ್ಲಿ ಬೇಲಿಗೆ ನೆಟ್ಟಿದ್ದ ಡಮಾಸ್ಕ್ ಗುಲಾಬಿ ಮತ್ತು ಚೀನಾ ಗುಲಾಬಿ ತಾವಾಗಿಯೇ ಬೆರೆತು ಹುಟ್ಟಿದ ತಳಿ. 19ನೇ ಶತಮಾನದ ಆರಂಭದ ಮಾತು. ಅಪ್ಪಟ ಡಮಾಸ್ಕ್, ಅಂದರೆ ಕನೌಜಿನ ಅತ್ತರಿಗೂ ಪುಷ್ಕರದ ಗುಲ್ಕಂದಿಗೂ ಹೋಗುವ ಗುಲಾಬಿ, ವರ್ಷಕ್ಕೊಮ್ಮೆ ಮಾರ್ಚ್ ಏಪ್ರಿಲ್‌ನಲ್ಲಿ ಮೈತುಂಬ ಬಿಡುತ್ತದೆ. ಎಡ್ವರ್ಡ್ ವರ್ಷವಿಡೀ ಬಿಡುತ್ತದೆ, ಅದು ಚೀನಾ ಗುಲಾಬಿಯ ಕಡೆಯಿಂದ ಬಂದ ಗುಣ. ಪರಿಮಳ ಡಮಾಸ್ಕ್ ಕಡೆಯದ್ದು. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಕಡ್ಡಿ ತಂದು ಮೂರರಲ್ಲಿ ಎರಡು ಪಾಲು ಮಣ್ಣಿಗಿಳಿಸಿ. ಹಳ್ಳಿ ಮನೆಗಳಲ್ಲಿ, ಹಳೇ ದೇವಸ್ಥಾನದ ಹೂದೋಟಗಳಲ್ಲಿ ಹುಡುಕಿ, ನರ್ಸರಿಯಲ್ಲಿ ಅಲ್ಲ.


ಜಾಜಿಬಳ್ಳಿ ಬರೆದದ್ದು:

ಒಂದು ತಕರಾರು. ಡೇರೆ ಯಾವಾಗಿನಿಂದ ನಮ್ಮ ಹಳೇ ಹೂವಾಯಿತು? ಅದು ಮೆಕ್ಸಿಕೋದ್ದು. 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂತು, ಆಮೇಲೆ ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯವಿಜ್ಞಾನಿಯ ನೆನಪಿಗೆ ಡೇಲಿಯಾ ಅಂತ ಹೆಸರಿಟ್ಟರು. ಅದೇ ನಮ್ಮ ಬಾಯಲ್ಲಿ ಡೇರೆ. ಚೆಂಡುಹೂ ಮೆಕ್ಸಿಕೋ ಕಡೆಯದ್ದು. ಸುಗಂಧರಾಜವೂ ಅಲ್ಲಿಯದ್ದೇ. ಸಂಜೆಮಲ್ಲಿಗೆ ಅಮೆರಿಕ ಖಂಡದ್ದು. ದೇವಗಣಗಿಲೆಯ ಹೆಸರಲ್ಲೇ ದೇವರಿದ್ದಾನೆ, ಗಿಡ ಬಂದದ್ದು ಮಾತ್ರ ಅಮೆರಿಕದಿಂದ.

ನಿಜವಾಗಿ ಹಳೆಯದು ಬೇಕಾದರೆ ಪಂಪನನ್ನು ಕೇಳಿ. 10ನೇ ಶತಮಾನದ ಕವಿ ಬನವಾಸಿಯನ್ನು ನೆನೆಯುವಾಗ ಜಾಜಿ, ಸಂಪಿಗೆ, ಮಲ್ಲಿಗೆ ಹೇಳುತ್ತಾನೆ. ಮೂರೂ ಇವತ್ತಿಗೂ ಬೆಳೆಸಬಹುದಾದ ಗಿಡಗಳು. ಸಾವಿರ ವರ್ಷ ದಾಟಿದ ಹೂವು ಬಿಟ್ಟು ನಿನ್ನೆ ಮೊನ್ನೆ ಬಂದದ್ದಕ್ಕೆ ಇಷ್ಟು ಗಲಾಟೆ ಯಾಕೆ?

ಜಾಜಿಗೆ ಕಾಂಪೌಂಡ್ ಸಾಕು, ಹಂದರ ಇದ್ದರೆ ಇನ್ನೂ ಚೆಂದ. ಚಳಿಗಾಲದ ಕೊನೆಗೆ ಚೆನ್ನಾಗಿ ಕತ್ತರಿಸಿ, ಹೊಸ ಚಿಗುರಿನ ತುದಿಯಲ್ಲೇ ಅದು ಮೊಗ್ಗು ಕಟ್ಟುವುದು. ಸಂಪಿಗೆ ಮಾತ್ರ ನಿಮ್ಮ ಜಾಗಕ್ಕೆ ಬೇಡ, ಅದು ಮರ. ಕಸಿ ಗಿಡ ಎರಡು ಮೂರು ವರ್ಷಕ್ಕೇ ಹೂ ಬಿಡುತ್ತದೆ ಅಂತ ಆಸೆ ತೋರಿಸುತ್ತಾರೆ, ನಿಜವೇ, ಆದರೆ ಮುಂದೆ ಅದು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಬೀಜದಿಂದ ಮಾಡುವವರಿಗೆ ಒಂದು ಮಾತು: ಕೆಂಪು ತಿರುಳು ತೊಳೆದು ತಕ್ಷಣ ಬಿತ್ತಬೇಕು, ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ಹುಟ್ಟುವುದಿಲ್ಲ.


ಸಾಗರದ ಡೇರೆ ಬರೆದದ್ದು:

ಜಾಜಿಬಳ್ಳಿಯವರೇ, ಪಂಪನ ಬನವಾಸಿ ಇರುವುದು ಶಿರಸಿ ತಾಲ್ಲೂಕಿನಲ್ಲಿ. ಈಗ ಆ ಊರಿನ ಸುತ್ತಮುತ್ತ ಮಳೆಗಾಲದಲ್ಲಿ ಬಂದು ಮನೆಗಳ ಅಂಗಳ ನೋಡಿ, ಜಾಜಿಯ ಪಕ್ಕದಲ್ಲೇ ಡೇರೆ ನಿಂತಿರುತ್ತದೆ. ಹೊರಗಿನಿಂದ ಬಂದದ್ದನ್ನೆಲ್ಲ ಬಿಡುವುದಾದರೆ ದಸರೆಯ ಆಯುಧಪೂಜೆಗೆ ಚೆಂಡುಹೂ ಬಿಟ್ಟು ಮಾಡಿ ನೋಡೋಣ. ಮೆಣಸಿನಕಾಯಿ ಇಲ್ಲದ ಸಾರೂ ಮಾಡಬೇಕಾಗುತ್ತದೆ, ಅದೂ ಅಮೆರಿಕದ್ದೇ ಅಲ್ವಾ.

ನನ್ನ ಲೆಕ್ಕ ಬೇರೆ. ಅಂಗಡಿಯ ಹಂಗಿಲ್ಲದೆ ಒಂದು ಹೂವು ಅಜ್ಜಿಯಿಂದ ಮೊಮ್ಮಗಳವರೆಗೆ ಬಂದಿದೆಯಾ? ಹಾಗಿದ್ದರೆ ಅದು ಹಳೇ ಹೂವು. ಪಾಸ್‌ಪೋರ್ಟ್ ನೋಡುವುದಿಲ್ಲ.


ಜಾಜಿಬಳ್ಳಿ ಬರೆದದ್ದು:

ಚೆಂಡುಹೂ ಕನಕಾಂಬರದ ಕಾವಲಿಗೆ ಇರಲಿ, ನನ್ನ ಅಭ್ಯಂತರ ಇಲ್ಲ. ಪರಿಮಳವಿಲ್ಲದ ಡೇರೆಯನ್ನು ಮಲ್ಲಿಗೆಯ ಸಾಲಿನಲ್ಲಿ ಕೂರಿಸುವುದಕ್ಕೆ ಮಾತ್ರ ಈಗಲೂ ಒಪ್ಪುವುದಿಲ್ಲ 🙂


ಕಡಲತಡಿ ಬರೆದದ್ದು:

ಉಡುಪಿ ಕಡೆಯವಳು. ಮಲ್ಲಿಗೆ ವಿಷಯಕ್ಕೆ ಬಂದೆ. ರಾಜ್ಯದ ಮೂರು ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ: ಮೈಸೂರು, ಹಡಗಲಿ, ಉಡುಪಿ. ನಮ್ಮದಕ್ಕೆ ಶಂಕರಪುರ ಮಲ್ಲಿಗೆ ಅಂತಲೇ ಕರೆಯುವುದು. ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕಟ್ಟುವುದು ಬಾಳೆ ನಾರಿನಲ್ಲಿ. ದೊಡ್ಡ ತೋಟಗಳೇ ಬೇಕು ಅಂತಿಲ್ಲ, ಮನೆಯ ಮುಂದಿನ ನಾಲ್ಕಾರು ಗಿಡದಿಂದ ಕೊಯ್ದು ಕಟ್ಟಿ ಮಾರಿ ಮನೆ ಖರ್ಚು ನೋಡಿಕೊಳ್ಳುವ ಹೆಂಗಸರು ಬೇಕಾದಷ್ಟಿದ್ದಾರೆ. ಹಾಗಾಗಿ ನಿಮ್ಮ ಅಂಗಳ ಚಿಕ್ಕದು ಅಂತ ಹೆದರಬೇಡಿ. ತಾರಸಿಯ ಕುಂಡದಲ್ಲೂ ಚೆನ್ನಾಗಿ ಬರುತ್ತದೆ, ದೊಡ್ಡ ಕುಂಡ ಇರಲಿ, ಪೂರ್ತಿ ಬಿಸಿಲು ಇರಲಿ.

ಮಲ್ಲಿಗೆ ಹೂ ಬಿಡುವುದಿಲ್ಲ ಅಂತ ಗೊಣಗುವವರಲ್ಲಿ ಹೆಚ್ಚಿನವರು ಕತ್ತರಿ ಮುಟ್ಟುವುದೇ ಇಲ್ಲ. ಡಿಸೆಂಬರ್ ಹೊತ್ತಿಗೆ ನೀರು ಕಡಿಮೆ ಮಾಡಿ, ಮಂಡಿ ಎತ್ತರಕ್ಕಿಂತ ಕೆಳಗೆ ಕತ್ತರಿಸಿ, ಉಳಿದ ಎಲೆ ಕಿತ್ತು, ಬುಡ ಬಿಡಿಸಿ ಗೊಬ್ಬರ ಕೊಡಿ, ಆಮೇಲೆ ನೀರು. ಹೊಸ ಚಿಗುರಿಗೇ ಮೊಗ್ಗು. ಬೆಳಗ್ಗೆ ಬೇಗ ಕೊಯ್ಯಿರಿ, ಬಿಳಿಯಾಗಿ ಉಬ್ಬಿದ, ಆದರೆ ಬಿರಿಯದ ಮೊಗ್ಗು. ಮೊಗ್ಗಿನಲ್ಲಿ ಸಣ್ಣ ತೂತು, ಒಳಗೆ ಹಸಿರು ಹುಳ ಕಂಡರೆ ಆ ಮೊಗ್ಗುಗಳನ್ನು ಆರಿಸಿ ಸುಟ್ಟುಬಿಡಿ, ಬೇವಿನೆಣ್ಣೆ ಹೊಡೆಯಿರಿ.

ಕೇದಗೆ ಆಸೆ ಬಿಡಿ. ಮುಳ್ಳು, ಜಾಗ ಜಾಸ್ತಿ ನುಂಗುತ್ತದೆ. ಇಷ್ಟಾಗಿಯೂ ಹಾಕುವವರಿಗೆ: ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಜಡೆಗೆ ಮುಡಿಯುವ ಪರಿಮಳದ ಹೂವು ಬರುವುದು ಗಂಡು ಗಿಡದಲ್ಲಿ, ಹೆಣ್ಣಿನಲ್ಲಿ ಅನಾನಸಿನಂಥ ಕಾಯಿ ಅಷ್ಟೇ. ಆದ್ದರಿಂದ ಹೂ ಬಿಟ್ಟ ಗಿಡದಿಂದಲೇ ಹಿಳ್ಳು ತರಬೇಕು. ಪರಿಮಳಕ್ಕೆ ಹಾವು ಬರುತ್ತದೆ ಅನ್ನುವುದು ಸುಮ್ನೆ ಮಾತು, ಆ ಪೊದೆಯ ಕೆಳಗಿನ ತಂಪು ಮತ್ತು ಇಲಿ ಕಪ್ಪೆಗಳಿಗೆ ಬರುತ್ತದೆ.

ಸುರಗಿ ಕೇಳಿದ್ದೀರಾ? ನಿಮ್ಮ ಪಟ್ಟಿಯಲ್ಲಿ ಇಲ್ಲ. ಹಳೇ ಕೊಂಬೆಗಳಿಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಹೂ ಬಿಡುವ ಮರ. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ, ಒಣ ಹೂವಿನ ಸರವನ್ನು ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು. ಅದಕ್ಕೂ ನಿಮ್ಮಲ್ಲಿ ಜಾಗ ಇಲ್ಲ, ಹೊಟ್ಟೆ ಉರಿಸಲು ಹೇಳಿದೆ.


ಹಿತ್ತಲಬಾಗಿಲು ಬರೆದದ್ದು:

ಇಷ್ಟೊಂದು ಉತ್ತರ! ಕನಕಾಂಬರದ ಒಂದು ಗಿಡ ಕಿತ್ತು ಬೇರು ತೊಳೆದೆ. ಬೇರುಬಿಳಲು ಹೇಳಿದ ಹಾಗೇ ಗಂಟುಗಳು, ಮಣಿ ಪೋಣಿಸಿದ ಹಾಗೆ. ಚೆಂಡುಹೂ ಬೀಜ ನಾಳೆಯೇ ಹಾಕುತ್ತೇನೆ. ಕೇದಗೆ, ಸಂಪಿಗೆ ಪಟ್ಟಿಯಿಂದ ಹೊರಗೆ.

ದವನದ ಬಗ್ಗೆ ಯಾರೂ ಹೇಳಲಿಲ್ಲ. ಪಾರಿಜಾತ ಎಲ್ಲಿ ಹಾಕಲಿ? ಪಟ್ಟಿ ಜಾಗದಲ್ಲಿ ಆಗುತ್ತದಾ?


ಕೆಂಪುಮಣ್ಣು ಬರೆದದ್ದು:

ದವನ ನಾವು ಬೆಳೆಯುತ್ತೇವೆ. ಅದು ಮಳೆಗಾಲದ ಗಿಡ ಅಲ್ಲ, ಈಗ ಮರೆತುಬಿಡಿ. ನವೆಂಬರಿನಲ್ಲಿ ಚಳಿ ಶುರುವಾದ ಮೇಲೆ ಬಿತ್ತನೆ, ಫೆಬ್ರವರಿ ಮಾರ್ಚ್‌ಗೆ ತೆನೆ. ಯುಗಾದಿಯ ನಂತರದ ಜಾತ್ರೆಗಳಿಗೆ, ದವನದ ಹುಣ್ಣಿಮೆಗೆ ಸರಿಯಾಗಿ ಸಿಗುತ್ತದೆ. ಬೇಸಿಗೆ ಏರಿದರೆ ಗಿಡ ಮುಗಿಯಿತು.

ಬೀಜ ಪುಡಿಯಷ್ಟು ಸಣ್ಣ. ಹಿಂದಿನ ಬೆಳೆಯ ಬೀಜವೇ ಬೇಕು, ಹಳೆಯದು ಹುಟ್ಟುವುದಿಲ್ಲ. ನೆನೆಸಿ ಒದ್ದೆ ಬಟ್ಟೆಯಲ್ಲಿ ಎರಡು ದಿನ ಗಂಟು ಕಟ್ಟಿಡಿ, ಆಮೇಲೆ ಒಣ ಮರಳಿನಲ್ಲಿ ಬೆರೆಸಿ ಅಗಲವಾದ ಟ್ರೇಯಲ್ಲಿ ಉದುರಿಸಿ. ಮೇಲೆ ಮಣ್ಣು ಹಾಕಬೇಡಿ, ಹಾಕಿದರೂ ತೆಳ್ಳಗೆ. ನೀರನ್ನು ಚಿಮುಕಿಸಬೇಕು, ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತದೆ. ಕಾಲಡಿ ಎತ್ತರ ಆದ ಮೇಲೆ ಬೇಕಾದಷ್ಟೇ ತುದಿ ಚಿವುಟಿ ಮಲ್ಲಿಗೆ ಜೊತೆ ಕಟ್ಟಿ. ಒಂದೆರಡು ಗಿಡ ಬೀಜಕ್ಕೆ ಬಿಡಿ, ಮರೆಯಬೇಡಿ.


ಬೇರುಬಿಳಲು ಬರೆದದ್ದು:

ಪಾರಿಜಾತಕ್ಕೆ ಬಿಸಿಲು ಬೇಕು, ಅಂಗಳದ ಮೂಲೆಗೆ ಹಾಕಿ. ಬೆಳೆಯಲು ಬಿಟ್ಟರೆ ಚಿಕ್ಕ ಮರ, ಹೂ ಮುಗಿದ ಮೇಲೆ ವರ್ಷಕ್ಕೊಮ್ಮೆ ಕತ್ತರಿಸಿದರೆ ತಲೆಯೆತ್ತರದಲ್ಲೇ ಇಟ್ಟುಕೊಳ್ಳಬಹುದು. ಸಂಜೆ ಬಿರಿದು ಬೆಳಗಾಗುವಷ್ಟರಲ್ಲಿ ಉದುರುವ ಹೂವು, ಚರಂಡಿಯ ಮೇಲೋ ಕಾರು ನಿಲ್ಲಿಸುವ ಜಾಗದ ಮೇಲೋ ಕೊಂಬೆ ಚಾಚದ ಹಾಗೆ ನೋಡಿಕೊಳ್ಳಿ. ಬುಡದಲ್ಲಿ ಹಳೇ ಬಿಳಿ ಪಂಚೆ ಹಾಸಿ ಆರಿಸುವವರು ತೊಟ್ಟಿನ ಕೇಸರಿ ಬಣ್ಣ ಬಟ್ಟೆಗೆ ಹಿಡಿಯುತ್ತದೆ ಅನ್ನುವುದು ನೆನಪಿಡಿ, ಹಿಂದೆ ಅದರಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದರು.

ಪಟ್ಟಿ ಜಾಗಕ್ಕೆ ಕನಕಾಂಬರದ ಜೊತೆ ನಂದಿಬಟ್ಟಲು ಇಡಿ. ಒಂಟಿ ಸುತ್ತಿನದ್ದು, ಗುಂಡು ಎರಡೂ ಇವೆ, ರಾತ್ರಿ ಪರಿಮಳ ಬೇಕಿದ್ದರೆ ಗುಂಡು. ಕರ್ಣಕುಂಡಲವನ್ನು ಬೀಜದಿಂದ ಸುಮ್ನೆ ಚೆಲ್ಲಿ, ಅದಕ್ಕೆ ಉಪಚಾರ ಬೇಡ. ಕಾಯಿ ಬಲಿತಾಗ ಬೆರಳು ತಾಗಿದರೆ ಸಿಡಿದು ತಾನೇ ಬಿತ್ತಿಕೊಳ್ಳುತ್ತದೆ. ಸಂಜೆಮಲ್ಲಿಗೆಯನ್ನು ಮಾತ್ರ ಯೋಚಿಸಿ ಹಾಕಿ. ಕೆಳಗೆ ಗೆಡ್ಡೆ ಬೆಳೆಸುತ್ತದೆ, ಒಮ್ಮೆ ನೆಲೆಯೂರಿದರೆ ಕಿತ್ತರೂ ಮತ್ತೆ ಬರುತ್ತದೆ. ಕರಿಮೆಣಸಿನಂತೆ ಕಾಣುವ ಬೀಜ ವಿಷ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಎಚ್ಚರ.

ಸುಗಂಧರಾಜ ಬೇಕಿದ್ದರೆ ಒಂಟಿ ಸುತ್ತಿನ ಗೆಡ್ಡೆ ಕೇಳಿ. ಡಬಲ್ ಹೂಜಾಡಿಗೆ ಚೆಂದ, ಪರಿಮಳ ಒಂಟಿಯದ್ದೇ ಮೇಲು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ತಳಿ ಒಂಟಿ ಸುತ್ತಿನದ್ದೇ.


ಎಡಿಸನ್ ಕನ್ನಡತಿ ಬರೆದದ್ದು:

ನ್ಯೂಜೆರ್ಸಿಯಿಂದ. ಮೂಲೆಯಲ್ಲಿ ಕೂತು ಓದುತ್ತಿದ್ದೆ, ಡೇರೆ ಜಗಳ ನೋಡಿ ತಡೆಯಲಾಗಲಿಲ್ಲ. ಇಲ್ಲಿ ಡೇಲಿಯಾಕ್ಕೆ ಸಂಘಗಳಿವೆ, ಪ್ರದರ್ಶನಗಳಿವೆ, ಗೆಡ್ಡೆಗೆ ಸಾಲು ಹಚ್ಚುತ್ತಾರೆ. ನಿಮಗೆ ಗೆಡ್ಡೆ ಮಳೆಯಿಂದ ಕಾಪಾಡುವ ಚಿಂತೆ, ನಮಗೆ ಹಿಮದಿಂದ. ಮೊದಲ ಹಿಮಕ್ಕೆ ಎಲೆ ಕಪ್ಪಾದ ಕೂಡಲೇ ಅಗೆದು ನೆಲಮಾಳಿಗೆಯಲ್ಲಿ ಇಡಬೇಕು, ಬೆಚ್ಚಗಾದರೆ ಚಿಗುರುತ್ತದೆ, ಹೆಪ್ಪುಗಟ್ಟಿದರೆ ಮೆತ್ತಗಾಗುತ್ತದೆ.

ಜಾಜಿಬಳ್ಳಿಯವರಿಗೆ ಒಂದು ಸುದ್ದಿ. ಇಲ್ಲಿನ ಗಿಡದಂಗಡಿಯಲ್ಲಿ ಗ್ರ್ಯಾಂಡ್ ಡ್ಯೂಕ್ ಆಫ್ ಟಸ್ಕನಿ ಅಂತ ಒಂದು ಹೂಗಿಡ ಮಾರುತ್ತಾರೆ. ತಂದು ನೋಡಿದರೆ ಗುಂಡು ಗುಂಡಾದ, ಸುತ್ತು ಜಾಸ್ತಿ ಇರುವ ನಮ್ಮ ಮಲ್ಲಿಗೆ! 17ನೇ ಶತಮಾನದ ಕೊನೆಗೆ ಗೋವಾದಿಂದ ಇಟಲಿಯ ಟಸ್ಕನಿಯ ದೊರೆ ಮೂರನೇ ಕೊಸಿಮೊಗೆ ಹೋದ ಗಿಡವಂತೆ, ಫ್ಲಾರೆನ್ಸ್ ಹತ್ತಿರದ ಕಾಸ್ತೆಲ್ಲೊ ಅರಮನೆ ತೋಟದಲ್ಲಿ ಬೆಳೆಸಿದರು. ಅವರಿಗೂ ಅದು ಈಗ ಹಳೇ ಹೂವೇ. ಚಳಿಗಾಲದಲ್ಲಿ ಕುಂಡವನ್ನು ಒಳಗೆ ಕಿಟಕಿ ಪಕ್ಕ ಇಡುತ್ತೇನೆ, ನೀರು ಕಡಿಮೆ, ಹೂವು ಜೂನ್‌ಗೆ.


ಜಾಜಿಬಳ್ಳಿ ಬರೆದದ್ದು:

ಸರಿ ಸರಿ, ಮಲ್ಲಿಗೆ ಅಲ್ಲಿಗೆ ಹೋಗಿದೆ, ಡೇರೆ ಇಲ್ಲಿಗೆ ಬಂದಿದೆ. ಲೆಕ್ಕ ಚುಕ್ತಾ ಅಂತ ಒಪ್ಪಿಸಲು ನೋಡುತ್ತಿದ್ದೀರಿ. ಪರಿಮಳದ ಮಾತು ಹಾಗೇ ಉಳಿಯಿತು.

ಹಿತ್ತಲಬಾಗಿಲು, ಜೂನ್ ಎರಡನೇ ವಾರ ಜಾಜಿಯ ಬೇರು ಬಂದ ಕಡ್ಡಿಗಳು ನನ್ನಲ್ಲಿ ತಯಾರಿರುತ್ತವೆ. ಬೆಂಗಳೂರಿಗೆ ಬಂದಾಗ ತೆಗೆದುಕೊಂಡು ಹೋಗಬಹುದು, ಸಂದೇಶ ಕಳಿಸಿ. ಬದಲಿಗೆ ನಾಟಿ ಕನಕಾಂಬರದ ಬೀಜ ಇದ್ದರೆ ತನ್ನಿ. ಗಂಟು ಬೇರಿನ ಗಿಡದ ಮಣ್ಣು ಮಾತ್ರ ಬೇಡ, ಬೀಜ ಸಾಕು.


ಸಾಗರದ ಡೇರೆ ಬರೆದದ್ದು:

ನನ್ನಲ್ಲಿ ಮೂರು ಬಣ್ಣದ ಗೆಡ್ಡೆ ಎತ್ತಿಟ್ಟಿದ್ದೇನೆ: ಕಡುಕೆಂಪು, ಅಂಚು ಬಿಳಿಯ ನೇರಳೆ, ಮತ್ತೆ ಒಂದು ಹಳದಿ ಚೆಂಡಿನಂಥದ್ದು. ಮೇ ಮೂರನೇ ವಾರ ಕಣ್ಣು ಉಬ್ಬಿದ ಮೇಲೆ ಕೊರಿಯರ್ ಮಾಡುತ್ತೇನೆ, ಅದಕ್ಕಿಂತ ಮೊದಲು ಕೇಳಬೇಡಿ, ಕಣ್ಣು ಕಾಣದ ಗೆಡ್ಡೆ ಕಳಿಸಿ ಆಮೇಲೆ ಹುಟ್ಟಲಿಲ್ಲ ಅಂತ ಮಾತು ಕೇಳುವುದು ನನಗೆ ಬೇಡ. ಒಣ ಮರದ ಹೊಟ್ಟಿನಲ್ಲಿಟ್ಟು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಬಂದ ದಿನವೇ ಬಿಚ್ಚಿ ಗಾಳಿಗೆ ಹರಡಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮಾತ್ರ ಇಡಬೇಡಿ. ಜಾಜಿಬಳ್ಳಿಯವರಿಗೂ ಒಂದು ಗೆಡ್ಡೆ ಸೇರಿಸಿ ಕಳಿಸುತ್ತಿದ್ದೇನೆ, ಜಾಜಿ ತರಲು ಹೋದಾಗ ಅವರಿಗೆ ಮುಟ್ಟಿಸಿ. ಬೇಡ ಅಂದರೆ ಅಲ್ಲೇ ಗೇಟಿನ ಹತ್ತಿರ ಹುಗಿದು ಬನ್ನಿ.